ಸತ್ತಳೆಂದು ನಾನು ಹೇಳಿದ ಸೆಲ್ವಿ

ಸೆಲ್ವಿ, ನೀನು ಸತ್ತುಹೋದೆ ಎಂದು ನಾನು ಒಬ್ಬ ಮನುಷ್ಯನಿಗೆ ಹೇಳಿದ್ದೇನೆ. ಆಗ ನೀನು ನಮ್ಮ ಓಡೈಪಟ್ಟಿ ಮನೆಯ ಹಿಂದಿನ ಶೆಡ್ಡಿನಲ್ಲಿ, ಮುರಿದ ಕಾಲಿಗೆ ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಮಲಗಿದ್ದೆ. ಬದುಕಿದ್ದೆ. ಅನ್ನ ಕೇಳುತ್ತಿದ್ದೆ.

ಕಾಲು ಮುರಿದವನು ನಾನು. ಅದು ನಿನಗೆ ಗೊತ್ತು, ಊರಿಗೂ ಗೊತ್ತು. ಅದನ್ನು ನಾನು ಮುಚ್ಚಿಟ್ಟಿಲ್ಲ. ಮುಚ್ಚಿಡುವ ಅಗತ್ಯವೂ ಬೀಳಲಿಲ್ಲ — ಎಲ್ಲರೂ ಮೆಚ್ಚಿಕೊಂಡಿದ್ದರು. ಯಾರಿಗೂ ಗೊತ್ತಿಲ್ಲದ್ದು ಬೇರೆ. ನಿನ್ನ ಹಸಿವು ಆಸೆಬುರುಕುತನವಲ್ಲ, ಹುಟ್ಟಿನಿಂದಲೇ ಮೈಯೊಳಗೆ ಕೆಟ್ಟುಹೋದ ಒಂದು ಸಂಗತಿ ಎಂಬುದು ನಿನ್ನ ಕಾಲು ಮುರಿದ ಗಳ ಕೈಗೆತ್ತಿಕೊಳ್ಳುವ ಮೊದಲೇ ನನಗೆ ತಿಳಿದಿತ್ತು. ತಿಳಿಯದೆ ಹೊಡೆದದ್ದಲ್ಲ. ತಿಳಿದೇ ಹೊಡೆದೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ — ತಿಳಿದದ್ದರಿಂದಲೇ ಹೊಡೆದೆ.

ನಿನ್ನ ತಾಯಿ ರಂಗಮ್ಮನಿಗೆ ನಾನು ಅಣ್ಣ, ನಿನಗೆ ಮಾಮ. ಇದನ್ನು ಓದುವ ಹೊರಗಿನವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಕಂಬಂ ಕಣಿವೆಯ ಈ ತಮಿಳು ನಾಡಿನಲ್ಲಿ ಎಷ್ಟೋ ತಲೆಮಾರಿನಿಂದ ಬೇಸಾಯ ಮಾಡಿಕೊಂಡಿರುವ ಕನ್ನಡದವರು ನಾವು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನಮ್ಮಲ್ಲಿ ತಾಯಿಯ ಅಣ್ಣನೆಂದರೆ ತಂದೆಗಿಂತ ಒಂದು ಮೆಟ್ಟಿಲು ಮೇಲೆ. ಅವನ ತೊಡೆಯ ಮೇಲೆ ಕೂರಿಸಿಯೇ ಮಗುವಿನ ಕಿವಿ ಚುಚ್ಚಬೇಕು. ಹೆಣ್ಣುಮಗು ಮೈನೆರೆದು ದೊಡ್ಡವಳಾದರೆ ಅವನೇ ಹಸಿ ಗರಿ ಕಡಿದು ತಂದು ಗುಡಿಸಲು ಕಟ್ಟಬೇಕು. ಅವನು ಆ ಮಗುವಿನ ಮೇಲೆ ಕೈ ಎತ್ತಿದರೆ ಹೆತ್ತ ತಂದೆಯೂ ಅಡ್ಡ ಬರುವಂತಿಲ್ಲ. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ.

ನಾನು ತಲೆಯ ಮೇಲೆ ದ್ರಾಕ್ಷಿ ಬುಟ್ಟಿ ಹೊತ್ತು ಮೇಲೆ ಬಂದವನು. ಲಾರಿಗೆ ತುಂಬುವವನಾದೆ, ಆಮೇಲೆ ದಲ್ಲಾಳಿ, ಆಮೇಲೆ ತೋಟದ ಯಜಮಾನ. ಮಾರ್ಕೆಟ್ಟಿನಲ್ಲಿ ಮಾತಿನಷ್ಟೇ ಮುಷ್ಟಿಯೂ ಆಡಿಸಿದ್ದೇನೆ. ಒಬ್ಬನ ಹಲ್ಲು ಉದುರಿಸಿದ ಮೇಲೆಯೇ ನನ್ನ ಸರಕನ್ನು ಎರಡನೇ ಸಲ ತೂಕ ಹಾಕುವುದು ನಿಂತದ್ದು. ಚಿಕ್ಕವರು ಯಾರಾದರೂ ವ್ಯಾಪಾರದ ಬುದ್ಧಿ ಕೇಳಿದರೆ ಒಂದನ್ನೇ ಹೇಳುತ್ತೇನೆ: ನೀನು ಹೇಳಿದ ಬೆಲೆಗೆ ಎದುರಿನವನು ಕೂಡಲೇ ಒಪ್ಪಿದರೆ, ನಿನ್ನ ಸರಕನ್ನು ಇನ್ನೊಂದು ಸಲ ನೋಡಿಕೋ. ನಿನಗೆ ಕಾಣದ್ದು ಅವನಿಗೇನೋ ಕಂಡಿದೆ.

ನೀನು ಹುಟ್ಟಿದಾಗ ಎಲ್ಲ ಮಕ್ಕಳಂತೆಯೇ ಇದ್ದೆ. ಕೆಲವು ತಿಂಗಳು ಕಳೆಯುವುದರೊಳಗೆ ಎದೆಹಾಲು ಸಾಲದಾಯಿತು, ಗಂಜಿ ಸಾಲದಾಯಿತು, ಏನೂ ಸಾಲದಾಯಿತು. ನಡೆಯಲು ಕಲಿಯುವಷ್ಟರಲ್ಲಿ ನಿನ್ನ ಮೈ ನಿನ್ನ ಕಾಲಿಗೆ ಭಾರವಾಗಿತ್ತು. ಕಾಮಯಗೌಂಡನ್‌ಪಟ್ಟಿಯ ನಿಮ್ಮ ಬೀದಿಯ ಮಕ್ಕಳು ನಿನ್ನನ್ನು ಕರೆಯುತ್ತಿದ್ದ ಹೆಸರುಗಳನ್ನು ಇಲ್ಲಿ ಬರೆಯಲಾರೆ. ನಿನ್ನಪ್ಪ ಬೊಮ್ಮಯ್ಯ ಸೊಂಟದ ಬೆಲ್ಟು ಬಿಚ್ಚುತ್ತಿದ್ದ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು; ನೀನು ಹನ್ನೆರಡು ದಾಟಿದ್ದೆ; ನಿನ್ನ ವಾರಗೆಯ ಹುಡುಗಿಯರಿಗೆಲ್ಲ ಅವರವರ ಮಾಮಂದಿರು ಗುಡಿಸಲು ಕಟ್ಟಿಯಾಗಿತ್ತು. ಆಗಲೇ ನಾನು ರಂಗಮ್ಮನಿಗೆ ಹೇಳಿದ್ದು:

"ಒಂದು ಕೊಯ್ಲು ಮುಗಿಯೋಗಂಟ ನನ್ನ ಹತ್ರ ಬುಡು ಇವಳ್ನ. ಬಳ್ಳಿ ಮಾಡಿ ಕಳುಸ್ತೀನಿ."

"ಹೊಡೀಬೇಡ ಅಣ್ಣ," ಅಂದಳು ಅವಳು. "ಅಪ್ಪನ ಕೈಲಿ ತಿಂದು ತಿಂದು ಅದ್ರ ಬೆನ್ನೇ ಕರ್ರಗಾಗೈತೆ."

ಹೊಡೆಯುವುದಿಲ್ಲ ಎಂದೆ. ದ್ರಾಕ್ಷಿಯವನಿಗೆ ಒಂದು ರೂಢಿ ಇರುತ್ತದೆ. ಕೊಯ್ಲು ಮುಗಿದ ಮೇಲೆ ಬಳ್ಳಿಗೆ ನೀರು ನಿಲ್ಲಿಸುತ್ತೇವೆ. ಎಲೆ ಬಾಡಿ ಉದುರಿದ ಮೇಲೆ ಕತ್ತರಿ ಹಿಡಿದು, ಗೇಣುದ್ದ ಕಡ್ಡಿ ಬಿಟ್ಟು, ಉಳಿದದ್ದನ್ನೆಲ್ಲ ಸವರಿ ಹಾಕುತ್ತೇವೆ. ಆ ಗಾಯದಿಂದಲೇ ಹೊಸ ಚಿಗುರು, ಗೊಂಚಲು. ಒಣಗಿಸು, ಕತ್ತರಿಸು — ಬಳ್ಳಿ ಮಾತು ಕೇಳುತ್ತದೆ. ಬದುಕಿನಲ್ಲಿ ನಾನು ಕಂಡ ಏಳಿಗೆಯೆಲ್ಲ ಈ ಕೆಲಸದಿಂದ ಬಂದದ್ದು. ಹಾಗಾಗಿ ಮಗುವಿಗೂ ಅದನ್ನೇ ಮಾಡಿದೆ.

ಬೆಳಿಗ್ಗೆ ಒಂದು ಲೋಟ ರಾಗಿ ಗಂಜಿ, ಮಧ್ಯಾಹ್ನ ಒಂದು ಹಿಡಿ ಅನ್ನ. ನೀನು ನೆನೆಸಿಟ್ಟ ಹಿಂಡಿಯನ್ನು ಎಮ್ಮೆಯ ಬಾನಿಯಿಂದ ಬಾಚಿ ತಿಂದೆ. ಅಕ್ಕಿಯನ್ನು ಕೆನ್ನೆಯೊಳಗೆ ಒತ್ತಿಕೊಂಡು ಓಡಾಡಿದೆ. ಬಳ್ಳಿಗೆ ಹೊಡೆಯುವ ಮೈಲುತುತ್ತದ ನೀಲಿ ಕಲೆ ಅಂಟಿದ್ದ ಕಳಪೆ ಗೊಂಚಲುಗಳನ್ನು ತಿಪ್ಪೆಯಿಂದ ಎತ್ತಿ ತಿಂದು, ವಾಂತಿ ಮಾಡಿ, ಮತ್ತೆ ಹೋಗಿ ತಿಂದೆ. ಹೊಡೆಯುವುದಿಲ್ಲ ಎಂದವನು ಮೊದಲು ಕೆನ್ನೆಗೆ ಹೊಡೆದೆ. ಆಮೇಲೆ ದ್ರಾಕ್ಷಿ ಬಳ್ಳಿ ಹಬ್ಬಿಸುವ ಪಂದಳದ ಕಲ್ಲುಕಂಬಕ್ಕೆ, ಬಳ್ಳಿ ಕಟ್ಟುವ ಹುರಿಯಿಂದಲೇ ನಿನ್ನನ್ನು ಕಟ್ಟಿ ಹಾಕಿದೆ. ಆಮೇಲೆ ಒಂದು ದಿನ — ಸೌಟು ಕಾಯಿಸಿ ನಿನ್ನ ಬಲಗೈಗೆ ಇಟ್ಟೆ. ಅನ್ನಕ್ಕೆ ನೀಡಿದ ಕೈ ಅದು. ಅಂಗೈಯ ಆ ಗೆರೆ ಈಗಲೂ ನುಣ್ಣಗೆ ಹೊಳೆಯುತ್ತದೆ, ನೋಡಿದ್ದೇನೆ.

ಈವರೆಗಿನದು ತಿಳಿಯದೆ ಮಾಡಿದ್ದು. ತಿಳಿಯದೆ ಮಾಡಿದ್ದೂ ನನ್ನ ಲೆಕ್ಕಕ್ಕೇ ಇರಲಿ.

ಆ ಕೊಯ್ಲಿನ ನಡುವೆ ನಿನಗೆ ಜ್ವರ ಬಂದು ಎದೆ ಕಟ್ಟಿತು. ರಂಗಮ್ಮ ಓಡಿ ಬಂದು ನನ್ನ ಕಾಲು ಹಿಡಿದಳು. "ಪುಳ್ಳೆಗೆ ಉಸ್ರು ಆಡ್ತಿಲ್ಲ ಅಣ್ಣ, ಮಗೀನ ದಿಂಡಿಗಲ್‌ಗೆ ಎತ್ಕೊಂಡೋಗು. ಅವ್ರಪ್ಪ ಬರಕಿಲ್ಲ ಅಂತಾನೆ." ದೊಡ್ಡ ಊರಿನ ಆಸ್ಪತ್ರೆ, ಡಾಕ್ಟರು, ಬಿಲ್ಲು — ಇವೆಲ್ಲ ಮಾತು ಬಲ್ಲವನ ಕೆಲಸ. ನಾನೇ ಕರೆದುಕೊಂಡು ಹೋದೆ.

ಆ ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಇದ್ದರು, ಹೊರಗೆ ಎಲ್ಲೋ ಓದಿ ಬಂದವರು. ಎದೆ ಸಡಿಲಾದ ಮೇಲೂ ನಿನ್ನ ಹಾಸಿಗೆ ಬಿಟ್ಟು ಕದಲಲಿಲ್ಲ. ಪಕ್ಕದ ರೋಗಿಯ ಬ್ರೆಡ್ಡನ್ನು ನೀನು ಕಸಿದದ್ದನ್ನು ನೋಡಿದರು. ನಾನು ನಿನ್ನ ತಲೆಗೆ ಮೊಟಕಿದ್ದನ್ನೂ ನೋಡಿದರು. ತಾಯಿ ತಂದೆ ಸಂಬಂಧಿಕರೇ ಎಂದು ಕೇಳಿದರು. ಹೌದು, ನಮ್ಮಲ್ಲಿ ಹೊರಗಿಂದ ತರುವುದೇ ಇಲ್ಲ. ರಂಗಮ್ಮನನ್ನು ನಮ್ಮ ಸೋದರಮಾವನ ಮಗನಿಗೇ ಕೊಟ್ಟಿದೆ, ಎಂದೆ. ಆಗ ಅವರು, ಒಂದಿಷ್ಟು ರಕ್ತ ಬೇಕು, ಹೊಟ್ಟೆಯ ಚರ್ಮದಡಿಯಿಂದ ಸೂಜಿಯಲ್ಲಿ ಚೂರು ಕೊಬ್ಬೂ ಬೇಕು, ತಮ್ಮ ಗುರುಗಳ ಲ್ಯಾಬಿಗೆ ಕಳಿಸಬೇಕು ಎಂದರು.

ನಾನು ಚೌಕಾಸಿ ಮಾಡಿದೆ. "ಕೊಬ್ಬು ನಮ್ದು. ಹಾಸಿಗೆ ಬಾಡಿಗೆ ಬುಡಿ ಸಾರ್."

ಅವರು ನಕ್ಕರು. ಕೂಡಲೇ ಒಪ್ಪಿದರು.

ನಿನ್ನ ಹೊಟ್ಟೆಗೆ ಸೂಜಿ ಇಳಿಯುವಾಗ ನೀನು ನನ್ನ ಬೆರಳು ಹಿಡಿದುಕೊಂಡಿದ್ದೆ. ಬಾಡಿಗೆ ಉಳಿಯಿತೆಂದು ನಾನು ಖುಷಿಯಲ್ಲಿದ್ದೆ.

ತಿಂಗಳುಗಳು ಕಳೆದವು. ಅಷ್ಟರಲ್ಲಿ ನನ್ನ ಮನೆಯಲ್ಲಿ ಮದುವೆಯ ಮಾತು ಎದ್ದಿತ್ತು. ನನ್ನ ಮಗಳು ಅಮುದಾ. ಗಂಡು ನಿನ್ನ ಚಿಕ್ಕಪ್ಪ ಮುರುಗೇಶ, ನಿನ್ನಪ್ಪನ ತಮ್ಮ. ವರಸೆಗೆ ಸರಿ, ಹುಡುಗನೂ ಸರಿ. ಅವನ ಪಾಲಿಗೆ ಬಂದ ತೋಟ ನನ್ನ ಬೇಲಿಗೆ ಅಂಟಿಕೊಂಡಿತ್ತು. ಅದರ ಬಾವಿ ಯಾವ ಬೇಸಿಗೆಯಲ್ಲೂ ಬತ್ತಿದ್ದಿಲ್ಲ. ನನ್ನ ಬಳ್ಳಿಗೆ ಆ ನೀರು — ಅದು ಎಷ್ಟೋ ವರ್ಷದ ಆಸೆ. ಅಡ್ಡ ನಿಂತವಳು ಒಬ್ಬಳೇ, ನಿನ್ನ ಅಜ್ಜಿ ವೀರಮ್ಮ, ನನ್ನ ಸೋದರಮಾವನ ಹೆಂಡತಿ. ಅವಳು ಮುಖಕ್ಕೇ ಕೇಳಿದಳು:

"ನಿನ್ನ ತಂಗಿ ಹೊಟ್ಟೇಲಿ ಹುಟ್ಟಿದ್ದು ಹಿಂಗಾಯ್ತು. ನಿನ್ನ ಮಗಳ ಹೊಟ್ಟೇಲಿ ಹುಟ್ಟೋದು ಹೆಂಗಿರ್ತದೋ ಯಾರು ಕಂಡವ್ರೆ? ನಿಮ್ಮ ಮನೆ ಬಿತ್ತೇ ಕೆಟ್ಟೈತೋ ಏನೋ."

"ಬಿತ್ತು ಕೆಟ್ಟಿಲ್ಲ ಅತ್ತೆ, ಬಾಯಿ ಕೆಟ್ಟೈತೆ," ಎಂದಿದ್ದೆ ನಾನು. ಅವಳು ನಂಬಿರಲಿಲ್ಲ. ನಿಶ್ಚಯಕ್ಕೆ ದಿನ ಮಾತ್ರ ಕೊಟ್ಟಿದ್ದಳು.

ಆ ನಡುವೆ ಯಾವುದೋ ಕೆಲಸಕ್ಕೆ ದಿಂಡಿಗಲ್‌ಗೆ ಹೋದವನು ಆಸ್ಪತ್ರೆಗೂ ಹೋದೆ. ಡಾಕ್ಟರ್ ನನ್ನನ್ನು ಕೂರಿಸಿ, ಬಾಗಿಲು ಹಾಕಿಕೊಂಡು ಹೇಳಿದರು. ಅವರ ಮಾತು ತಮಿಳಿನದು. ನೆನಪಿದ್ದಷ್ಟನ್ನು ಕನ್ನಡದಲ್ಲಿ ಹೇಳುತ್ತೇನೆ.

"ಅಯ್ಯಾ, ಕೊಬ್ಬು ಎಂದರೆ ಮೂಟೆ ಎಂದುಕೊಂಡಿದ್ದೀರಿ ನೀವು. ನಾವೂ ಮೊನ್ನೆಮೊನ್ನೆಯವರೆಗೆ ಹಾಗೇ ಅಂದುಕೊಂಡಿದ್ದೆವು. ಅದು ಮೂಟೆಯಲ್ಲ, ಮಾತಾಡುತ್ತದೆ. ಕೊಬ್ಬಿನೊಳಗೆ ಒಂದು ಜೀನ್ ಇದೆ. ಕೊಬ್ಬು ತುಂಬಿದಷ್ಟೂ ಅದು ಹೆಚ್ಚು ಕೆಲಸ ಮಾಡಿ ರಕ್ತಕ್ಕೆ ಒಂದು ವಸ್ತುವನ್ನು ಕಳಿಸುತ್ತದೆ. ಆ ವಸ್ತು ಮಿದುಳಿಗೆ ಹೋಗಿ ಹೇಳುತ್ತದೆ — ಸಾಕು, ಮನೆಯಲ್ಲಿ ದಾಸ್ತಾನಿದೆ, ಕೈ ತೊಳೆ." ನನ್ನ ಹೊಟ್ಟೆಯ ಕಡೆ ನೋಡಿ ನಕ್ಕರು. "ನಿಮ್ಮಂಥವರ ಹೊಟ್ಟೆಯಲ್ಲಿ ಆ ಜೀನ್ ಗಂಟಲು ಹರಿಯುವಂತೆ ಕೂಗುತ್ತಿರುತ್ತದೆ. ಮಿದುಳಿಗೇ ಕಿವಿ ಮಂದ. ಈ ಮಗುವಿನ ಕಥೆ ಅದಲ್ಲ. ಇವಳಲ್ಲಿ ಆ ಜೀನ್ ದುಡಿಯುತ್ತಿದೆ, ಆದರೆ ಅದು ಮಾಡುವ ವಸ್ತುವೇ ಮುರಿದದ್ದು. ಹೊರಗೆ ಬರುವುದಿಲ್ಲ. ರಕ್ತದಲ್ಲಿ ಹುಡುಕಿದರೆ ಇಲ್ಲವೇ ಇಲ್ಲ. ಇಷ್ಟು ಮೈ ಹೊತ್ತುಕೊಂಡಿದ್ದರೂ ಇವಳ ಮಿದುಳಿಗೆ ಗೊತ್ತಿರುವುದು ಒಂದೇ — ಈ ಮಗು ಉಪವಾಸದಿಂದ ಸಾಯುತ್ತಿದೆ. ನೀವು ಅನ್ನ ಕಿತ್ತುಕೊಂಡಷ್ಟೂ ಅದು ಇನ್ನೂ ಜೋರಾಗಿ ಚೀರುತ್ತದೆ."

ಅರ್ಥವಾಗಲಿಲ್ಲ ಎಂದು ಹೇಳಿಕೊಳ್ಳುವ ದಾರಿ ನನಗಿಲ್ಲ, ಸೆಲ್ವಿ. ಓಡೈಪಟ್ಟಿಯಲ್ಲಿ ಬೀಜವಿಲ್ಲದ ದ್ರಾಕ್ಷಿ ಮಾಡುವವರೆಲ್ಲ ಎಳೆ ಗೊಂಚಲನ್ನು ಲೋಟದ ಔಷಧಿಯಲ್ಲಿ ಅದ್ದುತ್ತೇವೆ. ಒಂದು ಚಿಟಿಕೆ ಪುಡಿ ಡ್ರಮ್ಮಿನ ನೀರಿಗೆ. ಅಷ್ಟರಿಂದಲೇ ಇಡೀ ತೋಟದ ಕಾಯಿ ಉಬ್ಬುತ್ತದೆ. ಅದ್ದುವುದನ್ನು ಮರೆತ ಗೊಂಚಲು ಹಾಗೇ ಉಳಿಯುತ್ತದೆ. ಅದಕ್ಕಾಗಿ ಗೊಂಚಲನ್ನು ಯಾರೂ ಬೈಯುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣದು ಮೈಗೆಲ್ಲ ಅಪ್ಪಣೆ ಕೊಡುವುದನ್ನು ನಾನು ಡಾಕ್ಟರಿಗಿಂತ ಹೆಚ್ಚು ಸಲ ಕಣ್ಣಾರೆ ಕಂಡವನು. ಅವರು ಮಾತು ಮುಗಿಸುವ ಮೊದಲೇ ನನಗೆ ತಿಳಿಯಿತು. ಸೌಟು ಇಟ್ಟ ಕೈ ನೆನಪಾಯಿತು.

ಆಮೇಲೆ ಅವರು ಇನ್ನೆರಡು ಮಾತು ಸೇರಿಸಿದರು. ಆ ವಸ್ತುವಿಲ್ಲದೆ ನೀನು ದೊಡ್ಡವಳಾಗುವುದೂ ಕಷ್ಟ ಎಂದರು. ಮತ್ತೆ, ಇದು ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದರೆ ಮಾತ್ರ ಹೀಗಾಗುತ್ತದೆ. ನಿಮ್ಮಲ್ಲೂ ಅರ್ಧ ಇರಬಹುದು, ನಿಮ್ಮ ಮಕ್ಕಳಲ್ಲೂ. ಇನ್ನು ಮುಂದೆ ಮನೆಯೊಳಗೇ ಹೆಣ್ಣು ಕೊಡುವ ಮೊದಲು ಎಲ್ಲರ ರಕ್ತ ನೋಡೋಣ, ಎಂದರು. "ಹೊರದೇಶದಲ್ಲಿ ಇಂಥದೇ ಒಂದು ಮಗುವಿಗೆ ಆ ವಸ್ತುವನ್ನು ಸೂಜಿಯಲ್ಲಿ ಕೊಟ್ಟು ನೋಡುತ್ತಿದ್ದಾರಂತೆ. ಮಗು ತಟ್ಟೆಯಲ್ಲಿ ಅನ್ನ ಬಿಡಲು ಶುರುಮಾಡಿದೆಯಂತೆ. ನಾನು ಬರೆದು ಕೇಳುತ್ತೇನೆ. ನೀವು ತಾಯಿ ತಂದೆಯನ್ನು ಕರೆದುಕೊಂಡು ಬನ್ನಿ. ಅಲ್ಲಿಯವರೆಗೆ ದಯವಿಟ್ಟು — ಹೊಡೆಯಬೇಡಿ."

ಆಗಲಿ ಸಾರ್, ಎಂದು ಕೈ ಮುಗಿದು ಹೊರಗೆ ಬಂದೆ.

ಹೇಳಿದರೆ ನಿಶ್ಚಯ ನಿಲ್ಲುತ್ತದೆ. ಬಿತ್ತು ಕೆಟ್ಟಿದೆ ಎಂದ ವೀರಮ್ಮನ ಮಾತು ಡಾಕ್ಟರ ಬಾಯಿಂದಲೇ ನಿಜವಾಗುತ್ತದೆ. ಮುರುಗೇಶ ಸಿಗುವುದಿಲ್ಲ, ಬಾವಿ ಸಿಗುವುದಿಲ್ಲ. ಕಣಿವೆಯ ಯಾವ ಮನೆಯವರೂ ಅಮುದಾಳನ್ನು ಕೇಳಿ ಬರುವುದಿಲ್ಲ. ಹೇಳದಿದ್ದರೆ — ನೀನು ಹೇಗೂ ಹೀಗೇ ಇದ್ದೀಯ. ಇದು ನನ್ನ ತಕ್ಕಡಿ. ಬಸ್ಸು ವತ್ತಲಗುಂಡು ದಾಟುವಷ್ಟರಲ್ಲಿ ವ್ಯಾಪಾರ ಮುಗಿದಿತ್ತು. ಹೊರಡುವ ಮುಂಚೆ ದಿಂಡಿಗಲ್‌ನಲ್ಲೇ ಒಂದು ಬೀಗ ಕೊಂಡಿದ್ದೆ, ಅಲ್ಲಿ ಕೈಯಲ್ಲೇ ಮಾಡುವ ದಪ್ಪ ಬೀಗ. ತೊಡೆಯ ಮೇಲೆ ಅದರ ಭಾರ ಇತ್ತು. ಅಡುಗೆಮನೆಗೆಂದು ಕೊಂಡದ್ದು, ಮನೆ ಮುಟ್ಟುವುದರೊಳಗೆ ಅದು ಶೆಡ್ಡಿನ ಬೀಗವಾಗಿತ್ತು.

ರಂಗಮ್ಮ ನಮ್ಮ ಮನೆಯ ಜಗಲಿಯಲ್ಲೇ ಕಾಯುತ್ತಿದ್ದಳು. "ಡಾಕ್ಟರ್ ಏನಂದ್ರು ಅಣ್ಣ?"

"ಏನೂ ಇಲ್ವಂತೆ. ಎಲ್ಲಾ ನೋಡವ್ರೆ. ಬಾಯಿ ಕಟ್ಟಿದ್ರೆ ಸರಿ ಹೋಯ್ತದಂತೆ."

"ಮೈಯಾಗೆ ಏನೂ ಇಲ್ವಾ?"

"ಇಲ್ಲ. ಬರೀ ಆಸೆ."

ಅವಳು ಎದ್ದು ಒಳಗೆ ಹೋಗಿ ನಿನ್ನನ್ನು ಹೊಡೆದಳು. ನೆನಪಿದೆಯಾ ನಿನಗೆ? ಅದುವರೆಗೆ ನಿನ್ನ ತಾಯಿ ನಿನ್ನ ಮೈಮೇಲೆ ಕೈ ಮಾಡಿರಲಿಲ್ಲ. ಊರೆಲ್ಲ ಹೊಡೆದಾಗ ನೀನು ಓಡಿ ಹೋಗಿ ಸೇರುತ್ತಿದ್ದ ಒಂದೇ ಸೆರಗು ಅದು. ಅದನ್ನೂ ನಾನು ಕಿತ್ತುಕೊಂಡೆ — ಜಗಲಿಯಲ್ಲಿ ಕೂತು, ನೀರು ಕುಡಿಯುತ್ತ.

ನಿಶ್ಚಯದ ದಿನ ನಿನ್ನನ್ನು ಶೆಡ್ಡಿನಲ್ಲಿ ಕೂಡಿ ಬೀಗ ಹಾಕಿದೆ. ಮನೆಯಂಗಳದಲ್ಲಿ ಚಪ್ಪರ, ಗಂಡಿನ ಕಡೆಯವರೆಲ್ಲ ಚಾಪೆಯ ಮೇಲೆ. ಒಳಕೋಣೆಯಲ್ಲಿ ಮನೆದೇವತೆಗೆ ಬಾಳೆಲೆಯಲ್ಲಿ ಎಡೆ ಇಟ್ಟಿತ್ತು. ಅದಕ್ಕೆ ದೀಪ ತೋರಿಸುವ ಮೊದಲು ಯಾರೂ ಒಂದು ಅಗುಳನ್ನೂ ಬಾಯಿಗೆ ಹಾಕಬಾರದು; ತಾಂಬೂಲವೂ ಆಮೇಲೆಯೇ. ಗಾಳಿಗೆ ಸಾಂಬಾರಿನ ವಾಸನೆ, ತುಪ್ಪದ ವಾಸನೆ. ಹಿಂದಿನ ದಿನದಿಂದ ನಿನಗೆ ಗಂಜಿ ಬಿಟ್ಟು ಏನೂ ಕೊಟ್ಟಿರಲಿಲ್ಲ.

ಬೀಗ ಗಟ್ಟಿಯಾಗಿತ್ತು. ಬಾಗಿಲಿನ ಹಲಗೆ ಗಟ್ಟಿಯಿರಲಿಲ್ಲ.

ಒಳಗೆ ಪಾತ್ರೆ ಉರುಳಿದ ಸದ್ದಾಯಿತು. ಹೋಗಿ ನೋಡಿದರೆ ನೀನು ಎಡೆಯ ಮುಂದೆ ಮಂಡಿಯೂರಿ, ಎರಡೂ ಕೈಯಿಂದ ಬಾಯಿಗೆ ತುಂಬುತ್ತಿದ್ದೆ. ಹಲಗೆಯ ಮೊಳೆ ಗೀರಿ ತೋಳಿನಿಂದ ರಕ್ತ ಇಳಿದು ಅನ್ನದ ಮೇಲೆ ಬೀಳುತ್ತಿತ್ತು. ಆ ಅನ್ನವನ್ನೂ ತಿನ್ನುತ್ತಿದ್ದೆ. ಜುಟ್ಟು ಹಿಡಿದು ಅಂಗಳಕ್ಕೆ ಎಳೆದು ತಂದೆ. ಚಾಪೆಯವರೆಲ್ಲ ಎದ್ದು ನಿಂತರು. ಯಾರೋ ಒಬ್ಬ, "ಹುಡುಗಿಗೆ ಕೊಬ್ಬು ನೆತ್ತಿಗೇರೈತೆ, ಇಳಿಸಪ್ಪಾ ಮಾಮ," ಎಂದು ಕೂಗಿದ. ಹೆಂಗಸರು ನಕ್ಕರು. ವೀರಮ್ಮ ಮಾತ್ರ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕೇಳಿದಳು:

"ಎಲ್ಲಾರ ಎದುರಿಗೆ ಹೇಳು. ಇದು ರೋಗವಾ? ಇಲ್ಲ ಕೊಬ್ಬಾ?"

ಅಷ್ಟು ಜನ. ನಾನು ಬಾಯಿಂದ ಏನು ಹೇಳಿದ್ದರೂ ಅವಳು ನಂಬುತ್ತಿರಲಿಲ್ಲ. ರೋಗದ ಮಗುವನ್ನು ಯಾವ ಮಾಮನೂ ಹೊಡೆಯುವುದಿಲ್ಲ — ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಹೊಡೆದು ತೋರಿಸಬೇಕು. ಸಣ್ಣಗೆ ಹೊಡೆದರೆ ನಾಟಕವೆನ್ನುತ್ತಾಳೆ. ಇಷ್ಟನ್ನೂ ನಾನು ಯೋಚಿಸಿದೆ, ಸೆಲ್ವಿ. ಸಿಟ್ಟು ಬಂದಿತ್ತು, ಕಣ್ಣು ಕತ್ತಲಿಟ್ಟಿತ್ತು ಎಂದು ನಾನು ಊರಿಗೆ ಹೇಳಿದ್ದು ಸುಳ್ಳು. ನನ್ನ ಕಣ್ಣು ಯಾವತ್ತೂ ಅಷ್ಟು ನಿಚ್ಚಳವಾಗಿರಲಿಲ್ಲ. ಪಂದಳಕ್ಕೆಂದು ಗೋಡೆಗೆ ಒರಗಿಸಿದ್ದ ಸರ್ವೆ ಗಳಗಳಲ್ಲಿ ಒಂದನ್ನು ಆರಿಸಿ ತೆಗೆದುಕೊಂಡೆ.

ಬೆನ್ನಿಗೆ. ತೋಳಿಗೆ. ಮತ್ತೆ ಬೆನ್ನಿಗೆ. ಏಟು ಬೀಳುತ್ತಿದ್ದರೂ ನಿನ್ನ ಬಾಯಿ ಅಗಿಯುತ್ತಲೇ ಇತ್ತು. ಅದನ್ನು ಕಂಡು ಜನ ಇನ್ನೂ ಕೆರಳಿದರು. ನಿನ್ನಪ್ಪ ಎದ್ದ, ಎದ್ದವನು ನಾನು ಮಾಮನೆಂಬುದು ನೆನಪಾಗಿ ಕೂತ. ರಂಗಮ್ಮ ನಿನ್ನ ಮೇಲೆ ಬಿದ್ದಳು. "ಬುಡು ಅಣ್ಣ, ಪುಳ್ಳೆ ಸತ್ತೋಯ್ತದೆ! ನಿನ್ನ ಕಾಲಿಗೆ ಬೀಳ್ತೀನಿ, ಬುಡು!" ಅವಳನ್ನು ಕಾಲಿನಿಂದ ಒದ್ದು ಆಚೆ ತಳ್ಳಿದೆ. ಆಗ ನೀನು ಬಾಯಿ ಖಾಲಿ ಮಾಡಿಕೊಂಡು ಕೂಗಿದೆ: "ಸಾಕು ಮಾಮ! ಸಾಕು! ಸಾಕು!"

ಡಾಕ್ಟರ್ ಹೇಳಿದ್ದ ಮಾತು ಅದು. ನಿನ್ನ ಮೈ ನಿನಗೆ ಒಂದು ಸಲವೂ ಹೇಳಲಾರದೆ ಹೋದ ಮಾತು. ಕೇಳಿಸಿತು ನನಗೆ. ಕ್ಷಣ ತಡೆದು — ಮೊಣಕಾಲಿನ ಕೆಳಗೆ ಹೊಡೆದೆ.

ಒಣ ಗಳ ಮುರಿದಂಥ ಸದ್ದಾಯಿತು. ಗಳವೇ ಮುರಿಯಿತೆಂದುಕೊಂಡು ಕೈ ನೋಡಿಕೊಂಡೆ. ಗಳ ಗಟ್ಟಿಯಾಗೇ ಇತ್ತು.

"ಬುಡು," ಎಂದಳು ವೀರಮ್ಮ. "ಕೊಬ್ಬೇ. ರೋಗ ಅಲ್ಲ. ಹೊಸ ಎಡೆ ಇಟ್ಟು ತಾಂಬೂಲ ಎತ್ತಿ."

ನಿನ್ನನ್ನು ಹೊತ್ತು ಶೆಡ್ಡಿಗೆ ಹಾಕಿದರು. ಅಂಗಳ ತೊಳೆದರು. ಅಮುದಾಳ ನಿಶ್ಚಯವಾಯಿತು. ಎಲ್ಲರೂ ಊಟ ಮಾಡಿದರು. ನಾನೂ ಮಾಡಿದೆ, ಎರಡನೇ ಸಲ ಬಡಿಸಿಕೊಂಡು.

ಆಸ್ಪತ್ರೆಗೆ ಬೇಡವೆಂದೆ. ಆಸ್ಪತ್ರೆಯೆಂದರೆ ದಿಂಡಿಗಲ್, ದಿಂಡಿಗಲ್ ಎಂದರೆ ಆ ಡಾಕ್ಟರ್. ಮೂಳೆ ಕಟ್ಟುವವನೊಬ್ಬನನ್ನು ಕರೆಸಿ ದಬ್ಬೆ ಕಟ್ಟಿಸಿದೆ. ನಿನ್ನ ಭಾರದ ಕಾಲಿಗೆ ಅವನ ಕಟ್ಟು ನಿಲ್ಲಲಿಲ್ಲ. ಮೂಳೆ ಓರೆಯಾಗಿ ಕೂಡಿತು. ಎಡಕ್ಕೆ ವಾಲಿ ನೀನು ನಡೆಯುವ ನಡಿಗೆ ಆ ಒಂದು 'ಬೇಡ'ದಿಂದ ಬಂದದ್ದು.

ಕಟ್ಟು ಬಿಚ್ಚುವ ಮೊದಲೇ ಡಾಕ್ಟರ್ ಹುಡುಕಿಕೊಂಡು ಬಂದರು. ಊರಿನ ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ನನ್ನ ಹೆಸರು ಹೇಳಿ ದಾರಿ ಕೇಳುತ್ತಿದ್ದರು; ಪುಣ್ಯಕ್ಕೆ, ಎಂದುಕೊಂಡೆ ಆಗ, ನಾನೇ ಅಲ್ಲಿದ್ದೆ. ಪಕ್ಕಕ್ಕೆ ಕರೆದುಕೊಂಡು ಹೋದೆ. ಅವರ ಮುಖ ಅರಳಿತ್ತು. ಹೊರದೇಶದಿಂದ ಉತ್ತರ ಬಂದಿದೆ, ಮಗುವಿನ ವಿವರ ಕೇಳಿದ್ದಾರೆ, ತಾಯಿ ತಂದೆ ಒಪ್ಪಿದರೆ ಸೂಜಿಗೆ ದಾರಿಯಾಗಬಹುದು ಎಂದರು.

"ಸತ್ತೋಯ್ತು ಸಾರ್ ಪುಳ್ಳೆ," ಎಂದೆ. "ಮತ್ತೆ ಎದೆ ಕಟ್ಟಿ."

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಗಳ ಹಿಡಿದ ಕೈ. "ತುಂಬಾ ನರಳಿದಳಾ?" ಎಂದು ಕೇಳಿದರು. ಇಲ್ಲ ಎಂದೆ. ನಾನೇ ಬೇಗ ಬರಬೇಕಿತ್ತು, ತಪ್ಪು ನನ್ನದು, ಎಂದು ಅವರು ಕಣ್ಣು ಒರೆಸಿಕೊಂಡರು. ಬಸ್ಸು ಹತ್ತುವಾಗ ಅವರಿಗೆ ಒಂದು ಬುಟ್ಟಿ ದ್ರಾಕ್ಷಿ ಕೊಟ್ಟೆ. ಬೇಡವೆಂದರೂ ಬಿಡಲಿಲ್ಲ.

ಮದುವೆ ಆಯಿತು. ಬಾವಿಯ ನೀರು ನನ್ನ ಬಳ್ಳಿಗೆ ಬಂತು. ಅಮುದಾಳಿಗೆ ಎರಡು ಮಕ್ಕಳು. ಅವರು ಹುಟ್ಟಿದ ಮೇಲೆ ಪ್ರತಿ ತುತ್ತನ್ನೂ ನಾನು ಹೆದರಿ ಎಣಿಸುತ್ತ ಕೂತಿರುತ್ತಿದ್ದೆ. ಮುದ್ದಿನ ಅಜ್ಜ ಎಂದು ಮನೆಯವರು ನಗುತ್ತಿದ್ದರು. ಅವರಿಗೆ ಏನೂ ಆಗಲಿಲ್ಲ. ಸಣ್ಣಗಿದ್ದಾರೆ, ಅನ್ನ ಚೆಲ್ಲುತ್ತಾರೆ. ಅದು ನಾನು ಗಳಿಸಿದ ಒಳ್ಳೆಯದಲ್ಲ. ಕಣ್ಣು ಮುಚ್ಚಿ ಎಸೆದ ಕಲ್ಲು ಯಾರಿಗೂ ತಾಗಲಿಲ್ಲ, ಅಷ್ಟೇ. ನಿನಗೆ ಗುಡಿಸಲು ಕಟ್ಟುವ ದಿನ ಬರಲೇ ಇಲ್ಲ. ಬೊಮ್ಮಯ್ಯ ತೀರಿಕೊಂಡ ಮೇಲೆ ರಂಗಮ್ಮ ನಿನ್ನನ್ನು ಕರೆದುಕೊಂಡು ಚಿನ್ನಾಳಪಟ್ಟಿ ಸೇರಿದಳು. ಸೀರೆ ನೇಯುವವರ ಮನೆಯಲ್ಲಿ ನೀನು ಕೂತಲ್ಲೇ ನೂಲು ಸುತ್ತಿ ಇಬ್ಬರ ಹೊಟ್ಟೆ ಹೊರೆದೆ. ಸತ್ತಿತೆಂದು ನಾನು ಡಾಕ್ಟರಿಗೆ ಹೇಳಿದ್ದ ಮಗು, ಪ್ರತಿ ಮಳೆಗಾಲ ಕೆಮ್ಮಿ ಕೆಮ್ಮಿ, ಹೇಗೋ ಉಳಿದುಕೊಂಡಿತು.

ಇಷ್ಟು ವರ್ಷ ಸುಮ್ಮನಿದ್ದವನು ಈಗ ಯಾಕೆ ಬಾಯಿ ಬಿಡುತ್ತಿದ್ದೇನೆ? ಹೋದ ತಿಂಗಳು ಅಮುದಾಳ ಹೊಸ ಮನೆಗೆ ನೀನು ಬಂದಿದ್ದೆ. ಊಟದ ಹೊತ್ತಿಗೆ ಎಲೆಯನ್ನು ಮೂಲೆಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಕೂತೆ. ಅಮುದಾಳ ಚಿಕ್ಕವಳು ಕೇಳಿದಳು, "ಯಾಕಕ್ಕಾ ಗೋಡೆ ನೋಡ್ಕೊಂಡು ತಿಂತೀಯ?"

ನೀನು ನಕ್ಕೆ. "ನಾನು ತಿನ್ನೋದ್ನ ನಾಲ್ಕು ಜನ ನೋಡ್ಬಾರ್ದು ಕಣೆ. ನಂಗೆ ಮಾನ ಇಲ್ಲದ ಬಾಯಿ. ಚಿಕ್ಕವಳಿದ್ದಾಗ ದೇವ್ರ ಎಡೆನೇ ತಿಂದ್ಬಿಟ್ಟಿದ್ದೆ. ನಿಮ್ಮ ಅಜ್ಜ ಅವತ್ತು ಕಾಲು ಮುರಿದಿದ್ದಕ್ಕೇ ಉಳ್ಕೊಂಡೆ, ಇಲ್ದಿದ್ರೆ ತಿಂದೇ ಸತ್ತೋಗ್ತಿದ್ದೆ." ಆಮೇಲೆ ನನ್ನ ಕಡೆ ತಿರುಗಿ, ಆ ನುಣುಪು ಗೆರೆಯ ಕೈ ಎತ್ತಿ ಮುಗಿದೆ. "ನಿಜ ಅಲ್ವಾ ಮಾಮ? ನೀವೇ ನಂಗೆ ಬುದ್ಧಿ ಕಲಿಸಿದ್ದು."

ಸೆಲ್ವಿ, ಏಟು ತಿಂದವರು ನನ್ನನ್ನು ಶಪಿಸಿದ್ದಾರೆ, ನನ್ನ ಮೇಲೆ ಕೇಸು ಹಾಕಿದ್ದಾರೆ, ಕತ್ತಿ ಹಿಡಿದುಕೊಂಡು ಬಂದಿದ್ದಾರೆ. ಅದನ್ನೆಲ್ಲ ತಾಳಿಕೊಂಡೆ. ನಿನ್ನ ಆ ಕೈಮುಗಿತ ತಾಳಲಾಗಲಿಲ್ಲ. ಎದ್ದು ಹೊರಗೆ ಹೋದೆ. ನೀನು, "ಮಾಮನಿಗೆ ಬಿಸಿಲು ಆಗಲ್ಲ, ನೀರು ಕೊಡ್ರೆ," ಎಂದು ಒಳಗಿನಿಂದ ಹೇಳುತ್ತಿದ್ದೆ.

ಮಧುರೆಯಲ್ಲಿ ಒಬ್ಬ ಡಾಕ್ಟರನ್ನು ಕಂಡು ಬಂದಿದ್ದೇನೆ. ಆ ಸೂಜಿ ಈಗ ಇದೆಯಂತೆ. ನಮ್ಮ ಕಡೆ ಸಿಗುವುದು ಸುಲಭವಲ್ಲವಂತೆ. ಮೊದಲು ನಿನ್ನನ್ನು ನೋಡಬೇಕಂತೆ. ಇದನ್ನು ನಿನಗೆ ಮೊದಲು ಹೇಳಿ, ಆ ಸುದ್ದಿಯ ಬೆನ್ನಿಗೆ ನನ್ನ ತಪ್ಪನ್ನು ಸೇರಿಸಿ ಹೇಳಿಬಿಡಬಹುದಲ್ಲ ಎಂದು ಒಂದು ವಾರ ಯೋಚಿಸಿದೆ. ಕೆಳಗೆ ಕಳಪೆ ತುಂಬಿ ಮೇಲೆ ಒಳ್ಳೆಯ ಗೊಂಚಲು ಜೋಡಿಸುವುದು ನನಗೆ ಚೆನ್ನಾಗಿ ಬರುತ್ತದೆ. ಹಾಗೆ ಮಾಡುವುದಿಲ್ಲ. ತಪ್ಪು ಮೊದಲು. ಸೂಜಿಯ ಮಾತು ಆಮೇಲೆ, ನಿನಗೆ ಕೇಳುವ ಮನಸ್ಸಿದ್ದರೆ.

ಇನ್ನೊಂದು ಕಳ್ಳತನವನ್ನೂ ಒಪ್ಪಿಕೊಳ್ಳುತ್ತೇನೆ. ಇದನ್ನು ನಾನು ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಬೆಂಗಳೂರಿನ ಹಣ್ಣಿನ ಮಂಡಿಯಲ್ಲಿ ಹತ್ತಾರು ವರ್ಷ ಓಡಾಡಿ ಕಲಿತ ಅಕ್ಷರ. ನಮ್ಮ ಕಣಿವೆಯಲ್ಲಿ ಕನ್ನಡ ಆಡುತ್ತೇವೆಯೇ ಹೊರತು ಓದುವವರಿಲ್ಲ. ನೀನು ಓದಲಾರೆ, ರಂಗಮ್ಮ ಓದಲಾರಳು, ಅಮುದಾ ಓದಲಾರಳು. ದೂರದ, ಗುರುತಿಲ್ಲದ ಜನರ ಮುಂದೆ ಹೇಳಿ ಎದೆ ಹಗುರ ಮಾಡಿಕೊಂಡು, ಮನೆಯಲ್ಲಿ ಯಜಮಾನನಾಗಿಯೇ ಉಳಿಯುವ ಉಪಾಯ ಇದು. ಬರೆದು ಮುಗಿಸುವ ಹೊತ್ತಿಗೆ ಅದೂ ಕಂಡಿತು. ಓದಿದ ನಿಮಗೆ ನಾನು ಕೊಡಬಹುದಾದ ಬುದ್ಧಿಮಾತು ಯಾವುದೂ ಉಳಿದಿಲ್ಲ.

ನಾಳೆ ಬೆಳಗಿನ ಬಸ್ಸಿಗೆ ಚಿನ್ನಾಳಪಟ್ಟಿಗೆ ಹೋಗುತ್ತೇನೆ. ಅಮುದಾ, ಮುರುಗೇಶ ಇಬ್ಬರನ್ನೂ ಬರಹೇಳಿದ್ದೇನೆ, ಯಾಕೆಂದು ಹೇಳಿಲ್ಲ. ರಂಗಮ್ಮನ ಎದುರಿಗೇ ಹೇಳುತ್ತೇನೆ. ಅವಳು ಮೊದಲ ಸಲ ನಿನ್ನನ್ನು ಯಾಕೆ ಹೊಡೆದಳು ಎಂಬುದು ಅವಳಿಗೂ ತಿಳಿಯಬೇಕು. ಕ್ಷಮಿಸು ಎಂದು ಕೇಳುವುದಿಲ್ಲ; ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ಅದು ನನಗೆ ಗೊತ್ತಿದೆ. ನಮ್ಮ ಮನೆಮಾತಿನಲ್ಲಿ, ಅಂಗಳದಲ್ಲಿ ಗಳ ಎತ್ತಿದಾಗ ಬಾಯಿಗೆ ಬಾರದೆ ಹೋದ ಮಾತನ್ನು ಹೇಳುತ್ತೇನೆ:

"ಅದು ರೋಗ, ಸೆಲ್ವಿ. ಕೊಬ್ಬಲ್ಲ. ನಂಗೆ ಗೊತ್ತಿತ್ತು."